ಹೊರಗೆ ಕಾಣದ ಎಂಟು ವಾರ

ಕಚೇರಿಯಲ್ಲಿ ಮಧ್ಯಾಹ್ನ ಮೂರರ ಹೊತ್ತಿಗೆ ಮೇಜಿನ ಮೇಲೆ ತಲೆಯಿಟ್ಟು ನಿದ್ದೆ ಹೋದ ದಿನ, ಎಚ್ಚರವಾದಾಗ ನನ್ನ ಕೆನ್ನೆಯ ಮೇಲೆ ನೋಟ್‌ಪುಸ್ತಕದ ಸುರುಳಿ ತಂತಿಯ ಗುರುತು ಸಾಲಾಗಿ ಮೂಡಿತ್ತು. ಹಗಲು ಮಲಗುವ ಅಭ್ಯಾಸ ನನಗೆ ಎಂದೂ ಇದ್ದದ್ದಲ್ಲ. ಅದೇ ವಾರ ಮೆಟ್ಟಿಲು ಇಳಿಯುವಾಗಲೆಲ್ಲ ಎದೆ ಭಾರವಾಗಿ ನೋಯುತ್ತಿತ್ತು. ಕಿಬ್ಬೊಟ್ಟೆಯಲ್ಲಿ ಮುಟ್ಟಿನ ಹಿಂದಿನ ದಿನಗಳಲ್ಲಿ ಬರುವಂಥದೇ ಹಿಡಿತ ಬಂದು ಹೋಗುತ್ತಿತ್ತು. ಇನ್ನೇನು ಮುಟ್ಟಾಗುತ್ತದೆ ಎಂದುಕೊಂಡು ಚೀಲದಲ್ಲಿ ಪ್ಯಾಡ್ ಇಟ್ಟುಕೊಂಡೇ ನಾಲ್ಕು ದಿನ ಓಡಾಡಿದೆ. ನನ್ನ ತಿಂಗಳ ಚಕ್ರ ಸಾಮಾನ್ಯವಾಗಿ 34 ದಿನಗಳದ್ದು. 38ನೆಯ ದಿನ ಬೆಳಿಗ್ಗೆ ಎದ್ದ ಕೂಡಲೇ ಬಸಿರಿನ ಪರೀಕ್ಷೆ ಮಾಡಿಕೊಂಡಾಗ ಎರಡನೆಯ ಗೆರೆ ಒಂದು ನಿಮಿಷದೊಳಗೆ ಮೂಡಿತು.

ಮುಟ್ಟಿನ ಮುನ್ಸೂಚನೆಯೂ ಬಸಿರಿನ ಮುನ್ಸೂಚನೆಯೂ ಇಷ್ಟೊಂದು ಒಂದೇ ತೆರನಾಗಿರುವುದಕ್ಕೆ ಕಾರಣವಿದೆ ಎಂಬುದನ್ನು ಆಮೇಲೆ ತಿಳಿದುಕೊಂಡೆ. ಪ್ರತಿ ತಿಂಗಳೂ ಅಂಡಾಶಯದಿಂದ ಅಂಡ ಹೊರಬಿದ್ದ ಜಾಗದಲ್ಲಿ ಕಾರ್ಪಸ್ ಲ್ಯೂಟಿಯಂ ಎಂಬ ಹಳದಿ ಬಣ್ಣದ ಸಣ್ಣ ಗ್ರಂಥಿಯೊಂದು ರೂಪುಗೊಂಡು ಪ್ರೊಜೆಸ್ಟರಾನ್ ಎಂಬ ಹಾರ್ಮೋನನ್ನು ಸ್ರವಿಸತೊಡಗುತ್ತದೆ. ಎದೆ ನೋಯುವುದು, ಹೊಟ್ಟೆ ಉಬ್ಬರಿಸುವುದು, ಮೈ ತುಸು ಬೆಚ್ಚಗಾಗುವುದು, ಹೊತ್ತಲ್ಲದ ಹೊತ್ತಿನಲ್ಲಿ ತೂಕಡಿಕೆ ಬರುವುದು ಇವುಗಳಲ್ಲೆಲ್ಲ ಅದರ ಕೈವಾಡ ದೊಡ್ಡದು. ಗರ್ಭ ನಿಲ್ಲದಿದ್ದರೆ ಸುಮಾರು ಎರಡು ವಾರಗಳಲ್ಲಿ ಆ ಗ್ರಂಥಿ ಬತ್ತಿಹೋಗಿ ಮುಟ್ಟಾಗುತ್ತದೆ. ಗರ್ಭ ನಿಂತರೆ, ಗರ್ಭಕೋಶದ ಒಳಪದರದಲ್ಲಿ ಬೇರೂರಿದ ಜೀವಕೋಶಗಳ ಪುಟ್ಟ ಗೊಂಚಲು ಎಚ್‌ಸಿಜಿ ಎಂಬ ಹಾರ್ಮೋನನ್ನು ತಾಯಿಯ ರಕ್ತಕ್ಕೆ ಕಳಿಸಿ, ಆ ಗ್ರಂಥಿ ಬತ್ತದಂತೆ ಉಳಿಸಿಕೊಳ್ಳುತ್ತದೆ. ಪರೀಕ್ಷೆಯ ಪಟ್ಟಿಯ ಮೇಲೆ ಎರಡನೆಯ ಗೆರೆಯಾಗಿ ಮೂಡುವುದು ಈ ಎಚ್‌ಸಿಜಿಯೇ. ಆದ್ದರಿಂದ ಮುಟ್ಟು ತಪ್ಪುವ ಮೊದಲಿನ ದಿನಗಳಲ್ಲಿ ಮೈಯ ಪ್ರತಿಯೊಂದು ನೋವನ್ನೂ ಶಕುನದಂತೆ ಓದುತ್ತಾ ಕೂರುವವರಿಗೆ ನಾನು ಹೇಳುವುದು ಇಷ್ಟೇ: ಆ ಹಂತದಲ್ಲಿ ಯಾವ ಲಕ್ಷಣವೂ ಹೌದು ಎಂದೋ ಅಲ್ಲ ಎಂದೋ ಖಚಿತವಾಗಿ ಹೇಳಲಾರದು, ಪರೀಕ್ಷೆಯೊಂದೇ ಹೇಳಬಲ್ಲದು.

ಮರುದಿನ ವೈದ್ಯರ ಬಳಿ ಹೋದಾಗ ಅವರು ಕಾಗದದ ಮೇಲೆ ಐದೂವರೆ ವಾರ ಎಂದು ಬರೆದರು. ನನಗೆ ಲೆಕ್ಕ ಹತ್ತಲಿಲ್ಲ. ಬಸಿರಿನ ವಾರಗಳನ್ನು ಕೊನೆಯ ಮುಟ್ಟಿನ ಮೊದಲ ದಿನದಿಂದ ಎಣಿಸುತ್ತಾರೆ, ಹೆರಿಗೆಯವರೆಗಿನ 40 ವಾರ ಅಥವಾ 280 ದಿನ ಎಂಬುದೂ ಅಲ್ಲಿಂದಲೇ. ಅಂದರೆ ಎಣಿಕೆಯ ಮೊದಲ ಎರಡು ವಾರಗಳಲ್ಲಿ ಹೆಣ್ಣು ಬಸುರಿಯೇ ಆಗಿರುವುದಿಲ್ಲ. ಮುಟ್ಟು ತಪ್ಪಿತೆಂದು ಗೊತ್ತಾಗುವ ಹೊತ್ತಿಗೆ ಲೆಕ್ಕದಲ್ಲಿ ಆಗಲೇ ನಾಲ್ಕು ವಾರ ಕಳೆದಿರುತ್ತದೆ. ಈ ಲೆಕ್ಕ 28 ದಿನಗಳ ಚಕ್ರವನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ್ದು. ನನ್ನಂತೆ ಚಕ್ರ ಉದ್ದವಿರುವವರಲ್ಲಿ ಅಂಡ ಬಿಡುಗಡೆಯಾಗುವುದೂ ತಡವಾಗುತ್ತದೆ ಎಂಬುದನ್ನು ಆ ದಿನ ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಆ ಆರು ದಿನಗಳ ವ್ಯತ್ಯಾಸ ಮುಂದೆ ನನ್ನನ್ನು ಎಷ್ಟು ಅಲುಗಾಡಿಸಿತು ಎಂಬುದನ್ನು ಮುಂದೆ ಹೇಳುತ್ತೇನೆ.

ಅಂದೇ ಫೋಲಿಕ್ ಆಮ್ಲದ ಮಾತ್ರೆ ಶುರುವಾಯಿತು. ದಿನಕ್ಕೆ 400 ಮೈಕ್ರೋಗ್ರಾಂ ಪ್ರಮಾಣದ ಈ ಮಾತ್ರೆಯನ್ನು ಗರ್ಭ ಧರಿಸುವ ಕನಿಷ್ಠ ಒಂದು ತಿಂಗಳ ಮೊದಲೇ ತೆಗೆದುಕೊಳ್ಳತೊಡಗಬೇಕು. ಮಗುವಿನ ಮಿದುಳು ಮತ್ತು ಬೆನ್ನುಹುರಿಯಾಗಿ ಬೆಳೆಯುವ ನರಕೊಳವೆ ಸರಿಯಾಗಿ ರೂಪುಗೊಳ್ಳಲು ಇದು ನೆರವಾಗುತ್ತದೆ, ಆ ಕೊಳವೆ ಗರ್ಭಾಂಕುರವಾದ ಸುಮಾರು 28 ದಿನಗಳೊಳಗೆ, ಅಂದರೆ ವೈದ್ಯರ ಲೆಕ್ಕದ ಆರನೆಯ ವಾರದ ಹೊತ್ತಿಗೇ, ಮುಚ್ಚಿಕೊಂಡುಬಿಡುತ್ತದೆ. ಮಗುವಿಗಾಗಿ ಕಾಯುತ್ತಿರುವವರು ಯಾರಾದರೂ ಇದನ್ನು ಓದುತ್ತಿದ್ದರೆ, ಈ ಒಂದು ಮಾತನ್ನು ಇವತ್ತೇ ವೈದ್ಯರಲ್ಲಿ ಕೇಳಿಕೊಳ್ಳಿ.

ಇನ್ನು ದಣಿವಿನ ಮಾತು. ಅದನ್ನು ದಣಿವು ಎಂದು ಕರೆದರೆ ಅದಕ್ಕೆ ನ್ಯಾಯ ಸಿಗುವುದಿಲ್ಲ. ಕೆಲಸ ಮಾಡಿ ದಣಿದವರಿಗೆ ಮಲಗಿದರೆ ಹಾಯೆನಿಸುತ್ತದೆ; ನನಗೆ ರಾತ್ರಿ ಒಂಬತ್ತು ಗಂಟೆ ಮಲಗಿ ಎದ್ದರೂ ಹಲ್ಲುಜ್ಜುವಷ್ಟರಲ್ಲಿ ಮತ್ತೆ ಮಲಗಬೇಕೆನಿಸುತ್ತಿತ್ತು. ಕೈಕಾಲುಗಳೊಳಗೆ ಒದ್ದೆ ಮರಳು ತುಂಬಿದಂತೆ ಇರುತ್ತಿತ್ತು. ಹೊರಗಿನಿಂದ ನೋಡಿದವರಿಗೆ ಏನೂ ಬದಲಾಗಿರಲಿಲ್ಲ, ಹೊಟ್ಟೆ ಇದ್ದಷ್ಟೇ ಇತ್ತು, ಬಟ್ಟೆಗಳೆಲ್ಲ ಸರಿಯಾಗಿಯೇ ಹೊಂದುತ್ತಿದ್ದವು. ಆದರೆ ಒಳಗಿನ ಲೆಕ್ಕವೇ ಬೇರೆ. ಮೊದಲ ವಾರಗಳಲ್ಲಿ ಎಚ್‌ಸಿಜಿಯ ಮಟ್ಟ ಎರಡು ಮೂರು ದಿನಗಳಿಗೊಮ್ಮೆ ಇಮ್ಮಡಿಯಾಗುತ್ತಾ ಹೋಗುತ್ತದೆ. ರಕ್ತನಾಳಗಳು ಸಡಿಲಗೊಂಡು ರಕ್ತದೊತ್ತಡ ಇಳಿಯುತ್ತದೆ, ಅದನ್ನು ಸರಿದೂಗಿಸಲು ಹೃದಯ ಹೆಚ್ಚು ದುಡಿಯತೊಡಗುತ್ತದೆ. ಎಂಟನೆಯ ವಾರಕ್ಕಾಗಲೇ ಅದು ನಿಮಿಷಕ್ಕೆ ಹೊರದೂಡುವ ರಕ್ತ ಶೇಕಡ 20ರ ಆಸುಪಾಸಿನಷ್ಟು ಹೆಚ್ಚಿರುತ್ತದೆ. ಮೂತ್ರಪಿಂಡಗಳು ಮೊದಲ ಮೂರು ತಿಂಗಳು ಮುಗಿಯುವಷ್ಟರಲ್ಲಿ ಮೊದಲಿಗಿಂತ ಸುಮಾರು ಒಂದೂವರೆ ಪಟ್ಟು ರಕ್ತವನ್ನು ಸೋಸುತ್ತಿರುತ್ತವೆ. ಇದರ ಜೊತೆಗೆ ಇನ್ನೂ ಇಲ್ಲದಿರುವ ಒಂದು ಅಂಗವನ್ನೇ, ಮಗುವಿಗೆ ಆಹಾರ ಒದಗಿಸುವ ಮಾಸನ್ನು (ಪ್ಲಾಸೆಂಟಾ), ಮೈ ಹೊಸದಾಗಿ ಕಟ್ಟುತ್ತಿರುತ್ತದೆ. ಒಂಬತ್ತು ತಿಂಗಳಲ್ಲಿ ಹೊಟ್ಟೆ ಮುಂದೆ ಬಂದ ಹೆಣ್ಣಿಗೆ ಎಲ್ಲರೂ ಎದ್ದು ಕುರ್ಚಿ ಬಿಟ್ಟುಕೊಡುತ್ತಾರೆ. ಎಂಟನೆಯ ವಾರದಲ್ಲಿ ನಿಂತುಕೊಂಡೇ ಕಣ್ಣು ಕತ್ತಲೆ ಬಂದವಳಿಗೆ ಆ ಕುರ್ಚಿ ಅಷ್ಟೇ ಬೇಕಾಗಿರುತ್ತದೆ, ಆದರೆ ಅವಳ ಅಗತ್ಯ ಯಾರ ಕಣ್ಣಿಗೂ ಬೀಳುವುದಿಲ್ಲ.

ಒಂದು ಸಂಜೆ ನನ್ನ ಪತಿ ಮನೆಗೆ ಬಂದಾಗ ಬೆಳಗಿನ ಪಾತ್ರೆಗಳು ಹಾಗೇ ಇದ್ದವು, ಒಗೆದ ಬಟ್ಟೆ ಯಂತ್ರದೊಳಗೇ ಮುದ್ದೆಯಾಗಿ ಬಿದ್ದಿತ್ತು, ನಾನು ದೀಪವನ್ನೂ ಹಾಕದೆ ಹಾಸಿಗೆಯಲ್ಲಿದ್ದೆ. "ಇವತ್ತು ಇಡೀ ದಿನ ಮಲಗಿಯೇ ಇದ್ದೆಯಾ?" ಎಂದು ಅವರು ಕೇಳಿದ್ದು ಕಾಳಜಿಯಿಂದಲೇ; ಆದರೆ ನನ್ನ ಕಿವಿಗೆ ಅದು ಆಪಾದನೆಯಾಗಿ ಬಿತ್ತು. "ಮಲಗಿರಲಿಲ್ಲ ರೀ, ಕೆಲಸ ಮಾಡುತ್ತಿದ್ದೆ" ಎಂದುಬಿಟ್ಟೆ, ನನಗೇ ಗೊತ್ತಿಲ್ಲದಷ್ಟು ಗಟ್ಟಿಯಾದ ದನಿಯಲ್ಲಿ. ಅವರು ಸ್ವಲ್ಪ ಹೊತ್ತು ಬಾಗಿಲಲ್ಲೇ ನಿಂತಿದ್ದು ಆಮೇಲೆ ಅಡುಗೆಮನೆಗೆ ಹೋದರು, ನಲ್ಲಿಯ ನೀರಿನ ಸದ್ದು ಕೇಳಿಸಿತು. ಆ ಮಾತನ್ನು ಸಿಟ್ಟಿನಲ್ಲಿ ಆಡಿದ್ದೆನಾದರೂ, ಈಗ ಯೋಚಿಸಿದರೆ ಆ ಎಂಟು ವಾರಗಳ ಬಗ್ಗೆ ನಾನು ಆಡಿದ ಮಾತುಗಳಲ್ಲಿ ಅತ್ಯಂತ ಸರಿಯಾದದ್ದು ಅದೇ ಎಂದು ತೋರುತ್ತದೆ.

ವಾಕರಿಕೆ ಶುರುವಾದದ್ದು ಆರನೆಯ ವಾರದಲ್ಲಿ, ಸ್ನಾನದ ಸೋಪಿನಿಂದ. ಮೂರು ವರ್ಷದಿಂದ ಅದೇ ಸೋಪನ್ನು ಬಳಸುತ್ತಿದ್ದೆವು. ಆ ಬೆಳಿಗ್ಗೆ ಸ್ನಾನದ ಮನೆಯ ಬಾಗಿಲು ತೆರೆದೊಡನೆ ಅದರ ವಾಸನೆ ಗಂಟಲಿಗೇ ಕೈ ಹಾಕಿದಂತಾಯಿತು. ಅದನ್ನು ಡಬ್ಬಿಯಲ್ಲಿ ಮುಚ್ಚಿಟ್ಟೆವು, ಡಬ್ಬಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಟ್ಟೆವು, ಕೊನೆಗೆ ಹೊರಗಿಟ್ಟೆವು. ಆದರೂ ಪತಿ ಹತ್ತಿರ ಬಂದರೆ ಅವರು ಬೆಳಿಗ್ಗೆ ಅದರಲ್ಲಿ ಕೈ ತೊಳೆದದ್ದು ಸಂಜೆ ನನಗೆ ಗೊತ್ತಾಗುತ್ತಿತ್ತು. ಒದ್ದೆ ಟವೆಲ್ಲಿನ ಮುಗ್ಗಲು, ಫ್ರಿಜ್ಜಿನ ಬಾಗಿಲು ತೆರೆದಾಗ ಹೊರಬರುವ ತಣ್ಣನೆಯ ವಾಸನೆ, ಲಿಫ್ಟಿನಲ್ಲಿ ಯಾರೋ ಬಿಟ್ಟುಹೋದ ಅತ್ತರಿನ ಘಮ, ಎಲ್ಲವೂ ಮೊದಲಿಗಿಂತ ಹತ್ತು ಪಟ್ಟು ಗಟ್ಟಿಯಾಗಿದ್ದವು. ಬಾಯಲ್ಲಿ ಸದಾ ತುಕ್ಕಿನ ರುಚಿ. ಜೊಲ್ಲು ಎಷ್ಟು ಊರುತ್ತಿತ್ತೆಂದರೆ ಮಾತಾಡುತ್ತಾ ಮಾತಾಡುತ್ತಾ ನಿಲ್ಲಿಸಿ ನುಂಗಿಕೊಳ್ಳಬೇಕಾಗುತ್ತಿತ್ತು.

ಇಂಗ್ಲಿಷಿನಲ್ಲಿ ಇದಕ್ಕೆ ಬೆಳಗಿನ ಕಾಯಿಲೆ ಎಂಬ ಹೆಸರಿದೆ. ನನಗೆ ಅದು ಸಂಜೆ ಐದಕ್ಕೆ ಏರಿ ರಾತ್ರಿ ಹನ್ನೊಂದರವರೆಗೂ ಇಳಿಯುತ್ತಿರಲಿಲ್ಲ, ಇನ್ನು ಕೆಲವರಿಗೆ ಹಗಲು ರಾತ್ರಿ ಎಂಬ ಭೇದವೇ ಇರುವುದಿಲ್ಲ. ನಮ್ಮ ಮಾತಿನಲ್ಲಿ ಇರುವ ಬಯಕೆಯ ಸಂಕಟ ಎಂಬ ಹೆಸರೇ ನನಗೆ ಮೇಲೆನಿಸುತ್ತದೆ, ಅದರಲ್ಲಿ ಹೊತ್ತಿನ ಹಂಗಿಲ್ಲ. ಹತ್ತು ಗರ್ಭಿಣಿಯರಲ್ಲಿ ಏಳೆಂಟು ಮಂದಿಗೆ ಯಾವುದೋ ಒಂದು ಮಟ್ಟದಲ್ಲಿ ಬರುವ ಈ ಸಂಕಟ ಸಾಮಾನ್ಯವಾಗಿ ಒಂಬತ್ತನೆಯ ವಾರದ ಸುಮಾರಿಗೆ ತುದಿ ಮುಟ್ಟಿ, ಹೆಚ್ಚಿನವರಲ್ಲಿ ಹದಿನಾರರಿಂದ ಇಪ್ಪತ್ತನೆಯ ವಾರದೊಳಗೆ ತಗ್ಗುತ್ತದೆ. ಇಷ್ಟು ಜನಕ್ಕೆ ಬರುವ ಕಾಯಿಲೆಯ ಮೂಲ ಯಾವುದೆಂಬುದು ಬಹಳ ಕಾಲ ಸ್ಪಷ್ಟವಾಗಿರಲಿಲ್ಲ. ಕಳೆದ ಶತಮಾನದಲ್ಲಿ ಎಷ್ಟೋ ವೈದ್ಯರು ಇದು ಹೆಣ್ಣಿನ ಮನಸ್ಸಿನ ಆಟ, ಒಳಗೊಳಗೇ ಮಗು ಬೇಡವಾಗಿರುವುದರ ಲಕ್ಷಣ ಎಂದು ಬರೆದಿಟ್ಟಿದ್ದಾರೆ. ಅದನ್ನು ಓದಿದಾಗ ನನಗೆ ಬಂದ ಕೋಪ ಇನ್ನೂ ಆರಿಲ್ಲ. 2023ರ ಡಿಸೆಂಬರಿನಲ್ಲಿ ನೇಚರ್ ಪತ್ರಿಕೆಯಲ್ಲಿ ಪ್ರಕಟವಾದ ಸಂಶೋಧನೆ ಈ ವಿಷಯದಲ್ಲಿ ದೊಡ್ಡ ತಿರುವು. ಭ್ರೂಣ ಮತ್ತು ಮಾಸಿನಿಂದ ಜಿಡಿಎಫ್15 ಎಂಬ ಹಾರ್ಮೋನು ತಾಯಿಯ ರಕ್ತಕ್ಕೆ ಸೇರುತ್ತದೆ, ಅದು ಮಿದುಳಿನ ಬುಡದಲ್ಲಿ ವಾಂತಿಯನ್ನು ನಿಯಂತ್ರಿಸುವ ಭಾಗವನ್ನು ಕೆರಳಿಸುತ್ತದೆ, ಬಸಿರಾಗುವ ಮೊದಲು ಯಾರ ರಕ್ತದಲ್ಲಿ ಇದರ ಮಟ್ಟ ಕಡಿಮೆಯಿತ್ತೋ ಅವರಿಗೆ ಈ ಹಠಾತ್ ಏರಿಕೆ ಹೆಚ್ಚು ಬಾಧಿಸುತ್ತದೆ ಎಂಬುದನ್ನು ಅದು ತೋರಿಸಿತು. ಆ ತಂಡದ ಮುಂದಾಳುಗಳಲ್ಲಿ ಒಬ್ಬರಾದ ಮಾರ್ಲೀನಾ ಫೆಜೋ ಸ್ವತಃ ಇಂಥ ವಿಪರೀತ ವಾಂತಿಯಲ್ಲಿ ಬಸಿರನ್ನು ಕಳೆದುಕೊಂಡವರು.

ನನಗೆ ಉಪಯೋಗವಾದದ್ದು ಸಣ್ಣ ಸಣ್ಣ ಸಂಗತಿಗಳು. ಹೊಟ್ಟೆ ಪೂರ್ತಿ ಖಾಲಿಯಾಗಲು ಬಿಟ್ಟರೆ ಸಂಕಟ ಇಮ್ಮಡಿಯಾಗುತ್ತಿತ್ತು, ಆದ್ದರಿಂದ ತಲೆದಿಂಬಿನ ಪಕ್ಕದಲ್ಲೇ ಒಣ ಬಿಸ್ಕತ್ತು ಇಟ್ಟುಕೊಂಡು ಏಳುವ ಮೊದಲೇ ಒಂದನ್ನು ತಿನ್ನುತ್ತಿದ್ದೆ. ನೀರನ್ನು ಲೋಟಗಟ್ಟಲೆ ಕುಡಿಯದೆ ಗುಟುಕು ಗುಟುಕಾಗಿ ಕುಡಿದರೆ ನಿಲ್ಲುತ್ತಿತ್ತು. ಬಿಸಿ ಅಡುಗೆಗಿಂತ ಆರಿದ ಅಡುಗೆಯ ವಾಸನೆ ಕಡಿಮೆ. ಶುಂಠಿಯಿಂದ ತುಸು ಸಮಾಧಾನವಾಯಿತು. ಇಷ್ಟರಿಂದ ಆಗದಿದ್ದಾಗ ವೈದ್ಯರು ಬಸುರಿಯರಿಗೆಂದೇ ಕೊಡುವ ಮಾತ್ರೆ ಬರೆದುಕೊಟ್ಟರು, ನಾನು ಹಿಂಜರಿಯದೆ ತೆಗೆದುಕೊಂಡೆ. ಈ ವಾರಗಳಲ್ಲಿ ಮಾತ್ರೆಯೆಂದರೆ ಹೆದರುವುದಕ್ಕೆ ಚರಿತ್ರೆಯಲ್ಲಿ ಕಾರಣವಿದೆ. 1957ರಲ್ಲಿ ಮಾರಾಟಕ್ಕೆ ಬಂದು, ವಾಕರಿಕೆಗೆಂದು ಬಸುರಿಯರಿಗೂ ಕೊಡಲಾದ ಥ್ಯಾಲಿಡೊಮೈಡ್‌ನಿಂದ ಜಗತ್ತಿನಲ್ಲಿ ಸಾವಿರಾರು ಮಕ್ಕಳು ಕೈಕಾಲುಗಳ ಊನದೊಂದಿಗೆ ಹುಟ್ಟಿದರು, 1961ರ ಕೊನೆಯಲ್ಲಿ ಅದನ್ನು ಹಿಂತೆಗೆದುಕೊಳ್ಳಲಾಯಿತು. ಅದರಿಂದ ಕಲಿಯಬೇಕಾದದ್ದು ತಾನಾಗಿ ಯಾವ ಮಾತ್ರೆಯನ್ನೂ ನುಂಗಬಾರದೆಂಬುದು. ವೈದ್ಯರು ನೋಡಿ ಕೊಟ್ಟದ್ದನ್ನೂ ಬಿಟ್ಟು ನರಳಬೇಕೆಂದಲ್ಲ. ಕುಡಿದ ನೀರೂ ನಿಲ್ಲದಿದ್ದರೆ, ಮೂತ್ರ ಕಡಿಮೆಯಾಗಿ ಗಾಢ ಬಣ್ಣಕ್ಕೆ ತಿರುಗಿದರೆ, ಇದ್ದ ತೂಕದಲ್ಲಿ ನೂರಕ್ಕೆ ಐದು ಪಾಲಿಗಿಂತ ಹೆಚ್ಚು ಇಳಿದರೆ ಅದು ಸಾಮಾನ್ಯ ಬಯಕೆಯ ಸಂಕಟವಲ್ಲ, ಆಸ್ಪತ್ರೆಯಲ್ಲಿ ಚಿಕಿತ್ಸೆ ಬೇಕಾದ ಸ್ಥಿತಿ. ಎಲ್ಲರಿಗೂ ಹೀಗೇ ಆಗುತ್ತದೆ ಎಂದು ಯಾರಾದರೂ ಹೇಳಿದರೆ ಆ ಮಾತನ್ನು ಕೇಳಿ ಮನೆಯಲ್ಲಿ ಉಳಿಯಬೇಡಿ.

ನಾನು ಏನೂ ತಿನ್ನುತ್ತಿಲ್ಲ, ಮಗುವಿಗೆ ಏನು ಸಿಗುತ್ತದೆ ಎಂಬ ಚಿಂತೆ ನನ್ನನ್ನು ದಿನವೂ ತಿನ್ನುತ್ತಿತ್ತು. ಎಂಟು ವಾರದ ಭ್ರೂಣದ ಉದ್ದ ಸುಮಾರು 16 ಮಿಲಿಮೀಟರು, ಹೆಬ್ಬೆರಳ ಉಗುರಿನಷ್ಟು. ಅದಕ್ಕೆ ಬೇಕಾದದ್ದು ಬಹಳ ಸ್ವಲ್ಪ, ಅದನ್ನು ನಿನ್ನ ಮೈಯ ಸಂಗ್ರಹದಿಂದಲೇ ಅದು ಪಡೆದುಕೊಳ್ಳುತ್ತದೆ ಎಂದು ಅಕ್ಕ ಹೇಳಿದಾಗ ನಾನು ಅರ್ಧ ನಂಬಿದೆ, ವೈದ್ಯರು ಅದನ್ನೇ ಹೇಳಿದಾಗ ಪೂರ್ತಿ ನಂಬಿದೆ.

ಉಳಿದವುಗಳ ಬಗ್ಗೆ ಹೆಚ್ಚು ಹೇಳಬೇಕಾದದ್ದಿಲ್ಲ. ರಾತ್ರಿ ಮೂರು ಸಲ ಮೂತ್ರಕ್ಕೆ ಏಳುವುದು, ಕರುಳಿನ ಚಲನೆ ನಿಧಾನವಾಗಿ ಮಲಬದ್ಧತೆಯಾಗುವುದು, ಹುಳಿತೇಗು, ಮೊಲೆತೊಟ್ಟಿನ ಸುತ್ತಲಿನ ಬಣ್ಣ ಕಪ್ಪಾಗಿ ಅದರ ಮೇಲೆ ಸಣ್ಣ ಸಣ್ಣ ಗುಳ್ಳೆಗಳಂತೆ ಏಳುವುದು, ಎದ್ದ ಮೇಲೂ ಮರೆಯದ ಸ್ಪಷ್ಟವಾದ ಕನಸುಗಳು, ಇವೆಲ್ಲ ಬಂದವು. ಮೂತ್ರದ ವಿಷಯದಲ್ಲಿ ಉರಿಯೋ ಜ್ವರವೋ ಇದ್ದರೆ ಮಾತ್ರ ಸೋಂಕಿನ ಪರೀಕ್ಷೆ ಮಾಡಿಸಲೇಬೇಕು.

ಮನಸ್ಸಿನ ಸಂಗತಿಯನ್ನು ಬರೆಯುವುದು ಇಷ್ಟು ಸುಲಭವಲ್ಲ. ಇದು ನಾವಿಬ್ಬರೂ ಬೇಕೆಂದು ಕಾದಿದ್ದ ಮಗು. ಎರಡನೆಯ ಗೆರೆ ಕಂಡಾಗ ಕುಣಿದಾಡುತ್ತೇನೆ ಎಂದುಕೊಂಡಿದ್ದೆ, ಆದದ್ದು ಬೇರೆ. ಆ ಪಟ್ಟಿಯನ್ನು ಹಿಡಿದುಕೊಂಡು ಸ್ನಾನದ ಮನೆಯ ತಣ್ಣನೆಯ ನೆಲದ ಮೇಲೆ ಕುಳಿತು, ಇನ್ನು ಹಿಂದಕ್ಕೆ ಹೋಗಲಾಗುವುದಿಲ್ಲ ಎಂದು ಯೋಚಿಸಿದೆ. ಪತಿಯ ಕಣ್ಣು ತುಂಬಿ ಬಂತು, ನನ್ನದು ಬರಲಿಲ್ಲ. ಮುಂದಿನ ವಾರಗಳಲ್ಲಿ ಕಾರಣವಿಲ್ಲದೆ ಅಳು ಬಂದ ದಿನಗಳಿದ್ದವು, ಒಂದು ಮಾತಿಗೆ ಸಿಡಿದು ಮರುಗಳಿಗೆಯಲ್ಲೇ ನಾಚಿಕೊಂಡ ದಿನಗಳಿದ್ದವು. ಆದರೆ ನನ್ನನ್ನು ಹೆಚ್ಚು ಹೆದರಿಸಿದ್ದು ಏನೂ ಅನಿಸದ ದಿನಗಳು. ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡರೆ ಪ್ರೀತಿ ಉಕ್ಕಬೇಕೆಂದು ಕೇಳಿದ್ದೆ. ನನಗೆ ಕೈಯ ಕೆಳಗೆ ನನ್ನದೇ ಹೊಟ್ಟೆ ಇತ್ತು, ಅಷ್ಟೆ. ನಾನು ಒಳ್ಳೆಯ ತಾಯಿಯಾಗಲಾರೆನೇನೋ ಎಂಬ ಅಳುಕು ಆ ಬರಿದುತನದ ಹಿಂದೆಯೇ ಬಂತು.

ಎಲ್ಲವನ್ನೂ ಹಾರ್ಮೋನಿನ ಮೇಲೆ ಹಾಕಿಬಿಡುವುದು ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ. ಹಾರ್ಮೋನುಗಳು ಮನಸ್ಸನ್ನು ತೆಳುವಾಗಿಸುತ್ತವೆ, ಹೌದು. ನಿದ್ದೆಗೆಟ್ಟವಳ, ಹಗಲೆಲ್ಲ ವಾಕರಿಸುವವಳ ಸಹನೆ ಬೇಗ ಮುಗಿಯುತ್ತದೆ, ಅದೂ ಹೌದು. ಆದರೆ ಬದುಕು ದೊಡ್ಡದಾಗಿ ಬದಲಾಗಲಿದೆ ಎಂದು ತಿಳಿದವಳಿಗೆ ಭಯವಾಗುವುದು ಕಾಯಿಲೆಯಲ್ಲ, ಸರಿಯಾದ ತಿಳಿವಳಿಕೆ. ಕೆಲಸ ಏನಾಗುತ್ತದೆ, ಹಣ ಸಾಕಾಗುತ್ತದೆಯೇ, ಹೆರಿಗೆಯ ನೋವನ್ನು ತಡೆದುಕೊಳ್ಳಬಲ್ಲೆನೇ, ನಾವಿಬ್ಬರೂ ಈಗಿರುವಂತೆ ಉಳಿಯುತ್ತೇವೆಯೇ ಎಂಬ ಪ್ರಶ್ನೆಗಳು ಹಾರ್ಮೋನಿನಿಂದ ಹುಟ್ಟಿದವಲ್ಲ. ಬೇಕು ಎಂಬುದೂ ಭಯ ಎಂಬುದೂ ಒಂದೇ ಎದೆಯಲ್ಲಿ ಒಟ್ಟಿಗೆ ಇರಬಹುದು. ಆದರೆ ಬೇಸರವೋ ಬರಿದುತನವೋ ಎರಡು ವಾರ ಕಳೆದರೂ ಇಳಿಯದೆ, ಊಟ ನಿದ್ದೆ ಮಾತುಕತೆ ಯಾವುದೂ ಬೇಡವಾಗಿ, ತಾನು ಇರುವುದೇ ಬೇಡ ಎಂಬ ಯೋಚನೆ ಬರತೊಡಗಿದರೆ ಅದು ಬೇರೆ ಸಂಗತಿ, ಅದಕ್ಕೆ ಚಿಕಿತ್ಸೆಯಿದೆ. ಅಂಥ ಯೋಚನೆ ಬಂದರೆ ಎರಡು ವಾರ ಕಾಯದೆ ಅಂದೇ ಯಾರಿಗಾದರೂ ಹೇಳಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಜಗತ್ತಿನ ಗರ್ಭಿಣಿಯರಲ್ಲಿ ಸುಮಾರು ಶೇಕಡ 10ರಷ್ಟು ಮಂದಿ ಮಾನಸಿಕ ಅನಾರೋಗ್ಯವನ್ನು, ಮುಖ್ಯವಾಗಿ ಖಿನ್ನತೆಯನ್ನು, ಅನುಭವಿಸುತ್ತಾರೆ. ಬಾಣಂತಿಯರ ಖಿನ್ನತೆಯ ಬಗ್ಗೆ ಈಗೀಗ ಮಾತು ಕೇಳಿಬರುತ್ತಿದೆ. ಬಸುರಿಯರಿಗೂ ಅದು ಬರುತ್ತದೆಂದು ನನಗೆ ಯಾರೂ ಹೇಳಿರಲಿಲ್ಲ.

ಮೊದಲ ಸ್ಕ್ಯಾನ್ ನಡೆದದ್ದು ಲೆಕ್ಕದ ಪ್ರಕಾರ ಆರು ವಾರ ಎರಡು ದಿನ ಆದಾಗ. ಪರದೆಯ ಮೇಲೆ ಕಪ್ಪಗಿನ ಒಂದು ಸಣ್ಣ ಚೀಲ, ಅದರೊಳಗೆ ಯೋಕ್ ಸ್ಯಾಕ್ ಎನ್ನುವ, ಮೊದಲ ವಾರಗಳಲ್ಲಿ ಭ್ರೂಣವನ್ನು ಪೋಷಿಸುವ ಬಿಳಿ ಉಂಗುರ. ಅಷ್ಟೆ. ವೈದ್ಯರು ಸಾಧನವನ್ನು ಅತ್ತಿತ್ತ ತಿರುಗಿಸುತ್ತಾ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ನೋಡಮ್ಮ, ಮಗು ಇನ್ನೂ ಕಾಣುತ್ತಿಲ್ಲ, ಹೃದಯದ ಬಡಿತವೂ ಕಾಣುತ್ತಿಲ್ಲ. ಇದು ಒಳ್ಳೆಯದು ಎಂದೂ ಹೇಳಲಾರೆ, ಕೆಟ್ಟದ್ದು ಎಂದೂ ಹೇಳಲಾರೆ. ಹನ್ನೊಂದು ದಿನ ಬಿಟ್ಟು ಬನ್ನಿ" ಎಂದರು.

ಆ ಹನ್ನೊಂದು ದಿನಗಳನ್ನು ನಾನು ಮರೆಯಲಾರೆ. ಬೆಳಿಗ್ಗೆ ಎಚ್ಚರವಾದ ಕೂಡಲೇ ಕಣ್ಣು ತೆರೆಯದೆ ಮಲಗಿಕೊಂಡೇ ವಾಕರಿಕೆ ಇದೆಯೇ ಎಂದು ಹುಡುಕುತ್ತಿದ್ದೆ. ಇದ್ದರೆ ಸಮಾಧಾನ, ಒಂದು ದಿನ ಕಡಿಮೆಯಾದರೆ ಎದೆ ಧಸಕ್ಕೆನ್ನುತ್ತಿತ್ತು. ಒಂದು ಬೆಳಿಗ್ಗೆ ಹೊರಗಿಟ್ಟಿದ್ದ ಸೋಪಿನ ಡಬ್ಬಿಯನ್ನು ನಾನಾಗಿಯೇ ತೆರೆದು ಮೂಗಿನ ಹತ್ತಿರ ಹಿಡಿದೆ. ಹೊಟ್ಟೆ ತೊಳಸಿ ಬಂದಾಗ ಅಲ್ಲೇ ಗೋಡೆಗೊರಗಿ ನಿಂತು ಅತ್ತೆ. ಬಯಕೆಯ ಸಂಕಟವನ್ನೇ ಬಯಸಿದ ದಿನಗಳವು. ಎರಡು ದಿನದ ಹಿಂದೆ ಭಾರವಾದ ಬಕೆಟ್ಟು ಎತ್ತಿದ್ದೆನಲ್ಲ, ಗೊತ್ತಾಗುವ ಮೊದಲು ತಲೆನೋವಿಗೆ ಮಾತ್ರೆ ನುಂಗಿದ್ದೆನಲ್ಲ, ಎರಡನೆಯ ಗೆರೆ ಕಂಡಾಗ ಸಂತೋಷಪಡಲಿಲ್ಲವಲ್ಲ ಎಂದು ಒಂದೊಂದನ್ನೂ ನೆನೆದು ನನ್ನ ಮೇಲೆ ನಾನೇ ತಪ್ಪು ಹೊರಿಸಿಕೊಂಡೆ.

ಸತ್ಯವೇನೆಂದರೆ, ಗೊತ್ತಾದ ಬಸಿರುಗಳಲ್ಲಿ ನೂರಕ್ಕೆ ಹತ್ತರಿಂದ ಇಪ್ಪತ್ತು ನಿಲ್ಲುವುದಿಲ್ಲ. ಅವುಗಳಲ್ಲಿ ಹೆಚ್ಚಿನವು ಮೊದಲ ಮೂರು ತಿಂಗಳಲ್ಲೇ ಹೋಗುತ್ತವೆ. ಹಾಗೆ ಹೋಗುವವುಗಳಲ್ಲಿ ಸುಮಾರು ಅರ್ಧದಷ್ಟಕ್ಕೆ ಕಾರಣ ಭ್ರೂಣದ ಕ್ರೋಮೋಸೋಮುಗಳಲ್ಲಿ ಆದ ವ್ಯತ್ಯಾಸ. ದಿನನಿತ್ಯದ ಮನೆಗೆಲಸದಿಂದಾಗಲಿ ಮೆಟ್ಟಿಲು ಹತ್ತಿಳಿದದ್ದರಿಂದಾಗಲಿ ಒಂದು ದಿನದ ಸಿಟ್ಟಿನಿಂದಾಗಲಿ ಆರೋಗ್ಯವಾದ ಗರ್ಭ ಜಾರುವುದಿಲ್ಲ. ಮೊದಲ ಮೂರು ತಿಂಗಳಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಸ್ವಲ್ಪವಾದರೂ ರಕ್ತ ಕಾಣಿಸಿಕೊಳ್ಳುತ್ತದೆ, ಅವರಲ್ಲಿ ಬಹಳ ಮಂದಿಯ ಬಸಿರು ಮುಂದುವರಿಯುತ್ತದೆ. ಆದರೂ ರಕ್ತ ಕಂಡರೆ ವೈದ್ಯರಿಗೆ ತಿಳಿಸಲೇಬೇಕು. ಪ್ಯಾಡು ತೊಯ್ಯುವಷ್ಟು ರಕ್ತ, ಕಿಬ್ಬೊಟ್ಟೆಯ ಒಂದು ಬದಿಯಲ್ಲಿ ತಡೆಯಲಾಗದ ನೋವು, ಭುಜದ ತುದಿಯಲ್ಲಿ ನೋವು, ಬವಳಿ ಬಂದು ಬೀಳುವಂತಾಗುವುದು ಇವುಗಳಲ್ಲಿ ಯಾವುದಾದರೂ ಇದ್ದರೆ ಒಂದು ಗಂಟೆಯನ್ನೂ ಕಾಯದೆ ಆಸ್ಪತ್ರೆಗೆ ಹೋಗಬೇಕು. ನೂರರಲ್ಲಿ ಒಂದೆರಡು ಬಸಿರುಗಳಲ್ಲಿ ಗರ್ಭ ಗರ್ಭಕೋಶದ ಹೊರಗೆ, ಹೆಚ್ಚಾಗಿ ಅಂಡನಾಳದಲ್ಲೇ, ನಿಂತುಬಿಟ್ಟಿರುತ್ತದೆ, ನಾಳ ಒಡೆದರೆ ಅದು ತಾಯಿಯ ಪ್ರಾಣಕ್ಕೇ ಕುತ್ತು.

ಆ ದಿನಗಳಲ್ಲಿ ನಮ್ಮಿಬ್ಬರನ್ನು ಬಿಟ್ಟು ಯಾರಿಗೂ ವಿಷಯ ಗೊತ್ತಿರಲಿಲ್ಲ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಬಾರದು ಎಂಬ ಎಚ್ಚರಿಕೆಯಲ್ಲಿ ಮೂರು ತಿಂಗಳು ಕಳೆಯಲಿ ಎಂದು ಬಾಯಿ ಕಟ್ಟಿಕೊಂಡಿದ್ದೆವು. ಐದನೆಯ ದಿನ ರಾತ್ರಿ ತಡೆಯಲಾರದೆ ಅಕ್ಕನಿಗೆ ಫೋನು ಮಾಡಿ ಎಲ್ಲವನ್ನೂ ಹೇಳಿದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಉಸಿರಿನ ಸದ್ದು ಮಾತ್ರ ಕೇಳಿಸಿತು. "ನನಗೂ ಹೀಗೇ ಆಗಿತ್ತು ಕಣೇ, ಎರಡನೆಯವನಿಗಿಂತ ಮುಂಚೆ. ಆ ಸಲ ಉಳಿಯಲಿಲ್ಲ. ಬಸುರಿ ಅಂತಲೇ ಯಾರಿಗೂ ಹೇಳಿರಲಿಲ್ಲವಲ್ಲ, ಹೋಯಿತು ಅಂತ ಯಾರೆದುರು ಅಳಲಿ?" ಎಂದಳು. ನಾಲ್ಕು ವರ್ಷದ ಹಿಂದಿನ ಮಾತು. ಆ ಸಮಯದಲ್ಲಿ ನಾನು ಅವಳ ಮನೆಗೆ ಹೋಗಿ ಎರಡು ದಿನ ಇದ್ದು ಬಂದಿದ್ದೆ. ಯಾಕೆ ಹೀಗೆ ಸಪ್ಪಗಿದ್ದೀಯ ಎಂದು ಕೇಳಿ, ತಲೆನೋವು ಎಂದದ್ದನ್ನು ನಂಬಿ ಬಂದಿದ್ದೆ.

ಅದಾದ ಮೇಲೆ ಈ ಮೌನದ ಬಗ್ಗೆ ನನ್ನ ಅಭಿಪ್ರಾಯ ಬದಲಾಯಿತು. ಎಲ್ಲರಿಗೂ ಸಾರಬೇಕೆಂದು ನಾನು ಹೇಳುವುದಿಲ್ಲ, ಹೇಳುವುದೂ ಬಿಡುವುದೂ ಅವರವರ ಇಷ್ಟ. ಆದರೆ ಮೈ ಅತ್ಯಂತ ಹೆಚ್ಚು ದುಡಿಯುವ, ಮನಸ್ಸು ಅತ್ಯಂತ ಹೆಚ್ಚು ಹೆದರುವ ವಾರಗಳನ್ನೇ ಹೆಣ್ಣು ಒಬ್ಬಳೇ ಕಳೆಯುವಂತೆ ಮಾಡುವ ಏರ್ಪಾಡು ಇದು. ಕೆಟ್ಟ ಸುದ್ದಿ ಬಂದರೆ ಯಾರ ಮಡಿಲಲ್ಲಿ ತಲೆಯಿಟ್ಟು ಅಳಬೇಕೆನಿಸುತ್ತದೋ ಅಂಥ ಒಬ್ಬಿಬ್ಬರಿಗೆ ಮೊದಲೇ ಹೇಳಿಡುವುದು ಒಳ್ಳೆಯದು. ನಾನು ಮರುದಿನ ಅಮ್ಮನಿಗೂ, ಕಚೇರಿಯಲ್ಲಿ ಪಕ್ಕದ ಮೇಜಿನ ಗೆಳತಿಗೂ ಹೇಳಿದೆ. ಗೆಳತಿ ಏನನ್ನೂ ಕೇಳದೆ, ಮಧ್ಯಾಹ್ನ ಮೂರರಿಂದ ಮೂರೂವರೆಯವರೆಗೆ ನನ್ನ ಫೋನನ್ನು ತಾನೇ ಎತ್ತಿಕೊಳ್ಳತೊಡಗಿದಳು.

ಎರಡನೆಯ ಸ್ಕ್ಯಾನಿನ ದಿನ ನಾನು ಪರದೆಯನ್ನು ನೋಡದೆ ಮೇಲಿನ ಚಾವಣಿಯನ್ನೇ ನೋಡುತ್ತಿದ್ದೆ. "ಈಗ ನೋಡಮ್ಮ" ಎಂದರು ವೈದ್ಯರು. ಚೀಲದ ಅಂಚಿಗೆ ಅಂಟಿಕೊಂಡಂತೆ ಒಂದು ಬಿಳಿ ಕಾಳು, ಅದರ ನಡುವೆ ಏನೋ ಮಿಣಮಿಣ ಎನ್ನುತ್ತಿತ್ತು. 9 ಮಿಲಿಮೀಟರು ಉದ್ದ, ನಿಮಿಷಕ್ಕೆ 132 ಬಡಿತ. ಲೆಕ್ಕದ ಪ್ರಕಾರ ಅಂದು ಏಳು ವಾರ ಆರು ದಿನ ಆಗಬೇಕಿತ್ತು, ಅಳತೆಯ ಪ್ರಕಾರ ಸರಿಯಾಗಿ ಏಳು ವಾರ. ನನ್ನ ಉದ್ದದ ಚಕ್ರದ ಆರು ದಿನಗಳು ಅವು; ಮೊದಲ ಸ್ಕ್ಯಾನಿನ ದಿನ ನಿಜಕ್ಕೂ ಐದೂವರೆ ವಾರವಷ್ಟೇ ಆಗಿತ್ತು, ಆ ಹಂತದಲ್ಲಿ ಬಡಿತ ಕಾಣದಿರುವುದೇ ಸಹಜ. ವೈದ್ಯರು ಹೆರಿಗೆಯ ದಿನಾಂಕವನ್ನು ಹೊಡೆದುಹಾಕಿ ಆರು ದಿನ ಮುಂದಿನದನ್ನು ಬರೆದರು. ನಿಮ್ಮ ಚಕ್ರ 28 ದಿನಗಳದ್ದಲ್ಲದಿದ್ದರೆ ಅದನ್ನು ಮೊದಲ ಭೇಟಿಯಲ್ಲೇ ಬಾಯಿಬಿಟ್ಟು ಹೇಳಿ. ಒಂದೇ ಒಂದು ಬೇಗನೆಯ ಸ್ಕ್ಯಾನಿನಿಂದ ಎಲ್ಲವೂ ಮುಗಿಯಿತೆಂದು ತೀರ್ಮಾನಿಸಬಾರದು, ಸಂದೇಹವಿದ್ದಾಗ ಒಂದೆರಡು ವಾರ ಬಿಟ್ಟು ಮತ್ತೆ ನೋಡುವುದೇ ವೈದ್ಯರ ಕ್ರಮ.

ಆ ರಾತ್ರಿ ನನಗೆ ಅಳು ಬಂತು. ಎರಡನೆಯ ಗೆರೆ ಕಂಡ ಬೆಳಿಗ್ಗೆ ಬಾರದ ಅಳು ಅದು. ಪ್ರೀತಿ ಅಂದೇ ಉಕ್ಕಿತು ಎಂದರೆ ಸುಳ್ಳಾಗುತ್ತದೆ. ಆದರೆ ಹೊಟ್ಟೆಯ ಮೇಲೆ ಕೈಯಿಟ್ಟಾಗ ಅಲ್ಲಿ ನಾನಲ್ಲದ ಇನ್ನೊಂದು ಇದೆ ಎಂಬುದು ಮೊದಲ ಬಾರಿಗೆ ನಿಜವೆನಿಸಿತು.

ಹತ್ತನೆಯ ವಾರದ ಸುಮಾರಿಗೆ ಪ್ರೊಜೆಸ್ಟರಾನ್ ಸ್ರವಿಸುವ ಕೆಲಸವನ್ನು ಮಾಸು ಪೂರ್ತಿಯಾಗಿ ವಹಿಸಿಕೊಳ್ಳುತ್ತದೆ, ಎಚ್‌ಸಿಜಿಯ ಮಟ್ಟ ತುದಿ ಮುಟ್ಟಿ ಇಳಿಯತೊಡಗುತ್ತದೆ. ನನಗೆ ಅದು ತಿಳಿದದ್ದು ಹನ್ನೆರಡನೆಯ ವಾರದ ಒಂದು ಸಂಜೆ, ಐದು ಗಂಟೆ ದಾಟಿದರೂ ಸಂಕಟ ಏರಲಿಲ್ಲ ಎಂಬುದನ್ನು ಏಳು ಗಂಟೆಗೆ ಗಮನಿಸಿದಾಗ. ಕೂಡಲೇ ಭಯವಾಯಿತು, ಮರುದಿನವೇ ವೈದ್ಯರ ಬಳಿಗೆ ಓಡಿದೆ. ಬಡಿತ ಚೆನ್ನಾಗಿಯೇ ಇತ್ತು, ಮಗು 6 ಸೆಂಟಿಮೀಟರು ಬೆಳೆದು ಕಾಲು ಒದರುತ್ತಿತ್ತು. ಹದಿಮೂರನೆಯ ವಾರದಲ್ಲಿ ಹೊರಗಿಟ್ಟಿದ್ದ ಸೋಪನ್ನು ಪತಿ ಮತ್ತೆ ಒಳಗೆ ತಂದರು. ಮಧ್ಯಾಹ್ನದ ನಿದ್ದೆ ಬಿಟ್ಟಿತು, ಹೊಟ್ಟೆ ತುಂಬ ಊಟ ಮಾಡಿದೆ, ನೆಂಟರಿಷ್ಟರಿಗೆಲ್ಲ ಸುದ್ದಿ ಹೇಳಿದೆವು, ಎಲ್ಲರೂ ನನ್ನನ್ನು ಬಸುರಿ ಎಂದು ನೋಡಿಕೊಳ್ಳತೊಡಗಿದರು. ಶೌಚಕ್ಕೆ ಹೋದಾಗಲೆಲ್ಲ ರಕ್ತದ ಕಲೆ ಇದೆಯೇ ಎಂದು ಒಳಉಡುಪನ್ನು ಬೆಳಕಿಗೆ ಹಿಡಿದು ನೋಡುವ ಅಭ್ಯಾಸ ಮಾತ್ರ ಮಗು ಮೊದಲ ಬಾರಿ ಹೊಟ್ಟೆಯಲ್ಲಿ ಮಿಸುಕಾಡುವವರೆಗೂ ನನ್ನನ್ನು ಬಿಡಲಿಲ್ಲ.